ತಿಪ್ಪೇಶನ ಬೆಣ್ಣೆಹಣ್ಣು, ನನ್ನ ಲೆಟ್ಯೂಸ್

ವಲಸೆಯ ಬರಹಗಳೆಲ್ಲ ವಿಮಾನ ನಿಲ್ದಾಣದಿಂದಲೇ ಏಕೆ ಶುರುವಾಗಬೇಕು ಎಂಬುದು ನನಗೆ ಇನ್ನೂ ಅರ್ಥವಾಗಿಲ್ಲ. ಬರೆಯುವವರು ಮೊದಲು ಹಿಮ ನೋಡಿ ಬೆರಗಾಗುತ್ತಾರೆ. ಆಮೇಲೆ ಅಲ್ಲಿನ ಅಂಗಡಿಯಲ್ಲಿ ಕರಿಬೇವು ಸಿಗಲಿಲ್ಲ ಎಂದು ನಿಟ್ಟುಸಿರು ಬಿಡುತ್ತಾರೆ. ಕೊನೆಗೆ ಅಮ್ಮನ ಕೈರುಚಿ ನೆನೆದು ಕಣ್ಣೊರೆಸಿಕೊಳ್ಳುತ್ತಾರೆ. ದೂರ ಹೆಚ್ಚಿದಷ್ಟೂ ಪರಕೀಯತೆ ಹೆಚ್ಚು ಎಂಬುದು ಇವರೆಲ್ಲರ ವಾದದ ತಳಪಾಯ. ಆ ತಳಪಾಯವನ್ನೇ ನಾನು ಒಪ್ಪುವುದಿಲ್ಲ. ನಾನು ಸಂತೇಬೆನ್ನೂರಿನಿಂದ ಜಗಳೂರಿಗೆ ವಲಸೆ ಬಂದವನು. ದಾವಣಗೆರೆಯಲ್ಲಿ ಇಳಿದು ಇನ್ನೊಂದು ಬಸ್ ಹತ್ತಿದೆ, ಅಷ್ಟೆ. ಅದೇ ಜಿಲ್ಲೆ, ಅದೇ ಭಾಷೆ, ಅದೇ ಮಂಡಕ್ಕಿ ಮೆಣಸಿನಕಾಯಿ. ಆದರೂ ಇಳಿದ ದಿನ ಸಂಜೆಯೇ ನನ್ನ ಹೆಂಡತಿ ನನಗೆ ಗುರುತು ಸಿಗಲಿಲ್ಲ.

"ಇದೂ ಒಂದು ವಲಸೇನಾ?" ಎಂದು ನ್ಯಾಮತಿಗೆ ಮದುವೆಯಾಗಿ ಹೋದ ನನ್ನ ಅಕ್ಕ ಫೋನಿನಲ್ಲಿ ನಗುತ್ತಾಳೆ. "ಹೆಂಡ್ತಿ ಊರಿಗೆ ಹೋಗಿ ಕುಂತ್ಕಂಡಿದೀಯ. ಅದಕ್ಕೆ ಬ್ಯಾರೆ ಹೆಸರೈತೆ ಕಣೋ."

ಆ ಹೆಸರು ಮನೆ ಅಳಿಯ. ನಾನು ಬಾಡಿಗೆ ಮನೆಯಲ್ಲಿದ್ದೇನೆ, ಮಾವನ ಮನೆಯಲ್ಲಲ್ಲ. ಆದ್ದರಿಂದ ವ್ಯಾಖ್ಯಾನದ ಪ್ರಕಾರವೇ ಆ ಪದ ನನಗೆ ಅನ್ವಯಿಸುವುದಿಲ್ಲ. ಹೊನ್ನಾಳಿಯ ಕಾಲೇಜಿನಲ್ಲಿ ಓದುವಾಗ ಚರ್ಚಾಸ್ಪರ್ಧೆಗಳಲ್ಲಿ ಇಂಥ ವ್ಯಾಖ್ಯಾನ ಹಿಡಿದೇ ಎದುರಾಳಿಯನ್ನು ಕೆಡವುತ್ತಿದ್ದೆ. ಅಕ್ಕ ಯಾವತ್ತೂ ಕೆಳಗೆ ಬಿದ್ದವಳಲ್ಲ. ಅವಳಿಗೆ ಗಂಟೆ ಹೊಡೆದು ಕೂರಿಸುವ ಅಧ್ಯಕ್ಷರೂ ಇಲ್ಲ.

ಗುರುತು ಸಿಗದ ಆ ಸಂಜೆಯ ವಿಷಯ ಮೊದಲು ಹೇಳುತ್ತೇನೆ. ನನ್ನ ಹೆಂಡತಿ ಸುನೀತ ಜಗಳೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸು. ಅದೇ ಊರಿನ ಮಗಳು. ನಾನು ಅತಿಥಿ ಉಪನ್ಯಾಸಕ; ಎಲ್ಲಿ ಕರೆದರೂ ಹೋಗಿ ಪಾಠ ಮಾಡುವವನು, ಎಲ್ಲೂ ಕಾಯಂ ಅಲ್ಲ. ಹಾಗಾಗಿ ಯಾರು ಯಾರ ಊರಿಗೆ ಹೋಗಬೇಕೆಂಬ ಪ್ರಶ್ನೆಯೇ ಬರಲಿಲ್ಲ. ಆದರೆ ಮದುವೆಗೆ ಮುಂಚೆ ಅವಳೇ ಒಂದು ಮಾತು ಕೊಟ್ಟಿದ್ದಳು: "ವರ್ಗಾವಣೆ ಕರೆದಾಗ ಚನ್ನಗಿರಿ ಕೇಳ್ತೀನಿ ಕಣ್ರಿ. ಅಲ್ಲೀವರೆಗೂ ನೀವು ನಮ್ಮೂರಾಗೆ ಇರ್ರಿ." ಚನ್ನಗಿರಿ ಎಂದರೆ ಅಡಿಕೆಗೆ ಹೆಸರಾದ ನಮ್ಮ ತಾಲ್ಲೂಕು; ಅಲ್ಲಿಂದ ಸಂತೇಬೆನ್ನೂರು ಹತ್ತಿರ. ಆ ಮಾತನ್ನು ನಂಬಿ ಗಂಟು ಕಟ್ಟಿಕೊಂಡು ಬಂದಿದ್ದೆ.

ಬಂದ ಸಂಜೆ ಅತ್ತೆಯ ಮನೆಯಲ್ಲಿ ಊಟ. ತಟ್ಟೆಯಲ್ಲಿ ಬಿಸಿ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಪಕ್ಕದಲ್ಲಿ ಒಂದು ರಾಶಿ ಹಸಿ ಸೊಪ್ಪು. ಹೊಲದಲ್ಲಿ ತಾನಾಗಿಯೇ ಬೆಳೆಯುವ, ಉದ್ದುದ್ದ ಎಲೆಯ ಹಕ್ಕರಿಕೆ ಸೊಪ್ಪು. ತೊಳೆದ ನೀರು ಇನ್ನೂ ಎಲೆಯ ಮೇಲಿತ್ತು. ಇದನ್ನು ಒಳಗೆ ಒಯ್ದು ಪಲ್ಯ ಮಾಡಿ ತರುತ್ತಾರೆಂದು ನಾನು ಕಾದೆ. ನಮ್ಮ ಕಡೆ ಸೊಪ್ಪು ಎಂದರೆ ಬೇಯಬೇಕು, ಬಸಿಯಬೇಕು, ಒಗ್ಗರಣೆ ಕಾಣಬೇಕು. ಕಾದದ್ದೇ ಬಂತು. ನಮ್ಮ ಮನೆಯಲ್ಲಿ ನೆಂಟರಂತೆ ತುದಿಬೆರಳಲ್ಲಿ ಉಣ್ಣುತ್ತಿದ್ದ ಸುನೀತ ಎಲೆಗಳನ್ನು ಕೈತುಂಬ ಹಿಡಿದು, ಮಡಚಿ, ಚಟ್ನಿಪುಡಿ ಮೆತ್ತಿ, ಕರಕರ ಎಂದು ಅಗಿಯತೊಡಗಿದಳು. ಕಣ್ಣು ಮುಚ್ಚಿಕೊಂಡಿದ್ದಳು. ಆ ಸುಖದಲ್ಲಿ ನಾನು ಯಾವ ಮೂಲೆಯಲ್ಲೂ ಇರಲಿಲ್ಲ.

ಆಗಲೇ ಒಬ್ಬ ಆಸಾಮಿ ಬಾಗಿಲು ಬಡಿಯದೆ ಒಳಗೆ ಬಂದ. ನಿಂತಲ್ಲೇ ಬಗ್ಗಿ, ಅವಳ ತಟ್ಟೆಯಿಂದ ಒಂದು ಹಿಡಿ ಸೊಪ್ಪು ಕಿತ್ತುಕೊಂಡು ಬಾಯಿಗೆ ತುರುಕಿಕೊಂಡ.

"ಲೇ ಮಾಮ, ನಿನಗೆ ಬ್ಯಾರೆ ತಟ್ಟೆ ಇಲ್ವೇನೋ?"

"ನಿನ್ ತಟ್ಟೆದೇ ರುಚಿ ಕಣೆ ಸುನಿ."

ಅವನು ತಿಪ್ಪೇಶ. ಸುನೀತಳ ಸೋದರತ್ತೆಯ ಮಗ. ಅವಳು ಹುಟ್ಟಿದಾಗಲೇ ಇವನಿಗೆ ಎಂದು ಹಿರಿಯರು ಮಾತಾಡಿಕೊಂಡಿದ್ದರಂತೆ. ಮುಂದೆ ಇವನು ಬೇರೆ ಹುಡುಗಿಯನ್ನು ಮೆಚ್ಚಿ ಮದುವೆಯಾದ; ಹೆಂಡತಿ ಇದ್ದಾಳೆ, ಇಬ್ಬರು ಹೆಣ್ಣುಮಕ್ಕಳಿದ್ದಾರೆ. ಅನುಮಾನಕ್ಕೆ ಎಳ್ಳಷ್ಟೂ ಆಧಾರವಿಲ್ಲ. ಇದನ್ನು ನಾನೇ ಮುಂಚಿತವಾಗಿ ಹೇಳಿಬಿಡುತ್ತೇನೆ, ಓದುಗರು ಹೇಳುವುದು ಬೇಡ. ಆದರೆ ಹೊಟ್ಟೆಕಿಚ್ಚಿಗೆ ಆಧಾರ ಬೇಕೆಂದು ಯಾವ ನಿಯಮವಿದೆ? ಅದು ನ್ಯಾಯಾಲಯವಲ್ಲ, ಒಲೆ. ಗಾಳಿ ಇದ್ದರೆ ಸಾಕು. ಜಗಳೂರಿನಲ್ಲಿ ಗಾಳಿಗೇನು ಬರವೇ?

ಇನ್ನೂ ಒಂದು ತೊಡಕಿದೆ. ಈ ಕಡೆಯ ಸಂಬಂಧದ ಲೆಕ್ಕದಲ್ಲಿ ಹೆಣ್ಣಿನ ಅತ್ತೆಮಗನೂ ಹೆಣ್ಣಿನ ಗಂಡನೂ ಅಣ್ಣತಮ್ಮ ಆಗಬೇಕು. ನನ್ನ ಅತ್ತೆ ಗಂಗಮ್ಮ ಅವತ್ತೇ ತೀರ್ಪು ಕೊಟ್ಟರು: "ನಿಮಗಿಂತ ದೊಡ್ಡೋನು. ಅಣ್ಣ ಅನ್ರಿ." ಸ್ಪರ್ಧಿಯನ್ನು ಎದುರಿಸಬಹುದು. ಆದರೆ ಎದುರಿಸುವ ಮೊದಲೇ ಅವನನ್ನು ಅಣ್ಣ ಮಾಡಿಬಿಟ್ಟರೆ? ಹೊಟ್ಟೆಕಿಚ್ಚು ಪಡಬೇಕಾದವನಿಗೆ ನಮ್ಮ ಸಂಬಂಧಗಳಲ್ಲಿ ಒಂದು ಹೆಸರೇ ಇಲ್ಲ.

ಅಲ್ಲಿಗೂ ಇಲ್ಲಿಗೂ ಏನು ವ್ಯತ್ಯಾಸ ಎಂದು ನಮ್ಮೂರಿನವರು ಕೇಳುತ್ತಾರೆ. ನೀರು ಎಂದು ಹೇಳಿದರೆ ತಲೆಯಾಡಿಸಿ ಸುಮ್ಮನಾಗುತ್ತಾರೆ. ನಿಜವೇ. ನಮ್ಮಲ್ಲಿ ಕಾಲುವೆಗೆ ನೀರು ಬಿಟ್ಟರೆ ಊರಿಗೇ ಒಂದು ತಣ್ಣನೆಯ ವಾಸನೆ ಬರುತ್ತದೆ. ಇಲ್ಲಿ ನಲ್ಲಿಗೆ ನೀರು ಬಂದರೆ ಇಡೀ ಬೀದಿ ಡ್ರಮ್ಮು ಉರುಳಿಸುವ ಸದ್ದಾಗುತ್ತದೆ. ತರಕಾರಿ ತೊಳೆದ ನೀರು ಪಾತ್ರೆಗೆ, ಪಾತ್ರೆ ತೊಳೆದ ನೀರು ಗಿಡಕ್ಕೆ. ಆದರೆ ನನಗೆ ನಿಜವಾಗಿ ಕಷ್ಟವಾದದ್ದು ನೀರಲ್ಲ, ಕುರ್ಚಿ. ಯಾರ ಮನೆಗೆ ಹೋದರೂ ಅಳಿಯ ಬಂದರು ಎಂದು ಎದ್ದು ನಿಂತು ಕುರ್ಚಿ ಹಾಕುತ್ತಾರೆ. ಎಲ್ಲರೂ ನೆಲದ ಮೇಲೆ ಚಾಪೆಯಲ್ಲಿ ಕೂತು ಹರಟುವಾಗ ನಾನೊಬ್ಬ ಎತ್ತರದಲ್ಲಿ. ನನ್ನ ಮಾತಿಗೆ ಯಾರೂ ಎದುರು ವಾದಿಸುವುದಿಲ್ಲ. "ಹೌದ್ರಿ, ನೀವು ಹೇಳಿದ್ಮ್ಯಾಲೆ ಮುಗೀತು" ಎನ್ನುತ್ತಾರೆ. ವಾದದಿಂದಲೇ ಹೊಟ್ಟೆ ತುಂಬಿಸಿಕೊಂಡವನಿಗೆ ಇದಕ್ಕಿಂತ ದೊಡ್ಡ ಒಂಟಿತನ ಯಾವುದು? ಮನೆಯಲ್ಲೂ ಅಷ್ಟೆ. ನನಗೆ "ರೀ", ತಿಪ್ಪೇಶನಿಗೆ "ಲೇ". ಗೌರವ ನನ್ನ ಪಾಲಿಗೆ, ಸಲಿಗೆ ಅವನ ಪಾಲಿಗೆ. ಯಾವುದು ಹೆಚ್ಚು ಎಂಬ ವಿಷಯದ ಮೇಲೆ ಪರ, ವಿರೋಧ ಎರಡೂ ಕಡೆ ಮಾತಾಡಬಲ್ಲೆ. ಎರಡೂ ಕಡೆಯಿಂದ ಸೋಲುವವನು ನಾನೇ.

ಹೀಗಿರುವಾಗ ಒಂದು ಸಂಜೆ ಸುನೀತ ಡ್ಯೂಟಿ ಮುಗಿಸಿ ಬಂದು ಚಪ್ಪಲಿ ಬಿಡುತ್ತಲೇ ಹೇಳಿದಳು: "ರೀ, ನನಗೆ ಸಕ್ರೆ ಬಾರ್ಡರ್ನಾಗೈತೆ. ಯಾರಿಗೂ ಹೇಳಬ್ಯಾಡ್ರಿ. ಅವ್ವಂಗೆ ಗೊತ್ತಾದ್ರೆ ಅಳ್ತಾಳೆ."

ಊರಿಗೆಲ್ಲ ಸಕ್ಕರೆ ಪರೀಕ್ಷೆ ಮಾಡುವವಳು ತನ್ನ ಬೆರಳನ್ನೂ ಚುಚ್ಚಿಕೊಂಡು ನೋಡಿದ್ದಳು. ರಾತ್ರಿ ಅನ್ನ, ಮುದ್ದೆ ಕಡಿಮೆ ಮಾಡು ಎಂದು ಡಾಕ್ಟರು ಹೇಳಿದ್ದರು. ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದಳು. ಲೆಟ್ಯೂಸ್ ಎಂಬ ಎಳೆ ಹಸಿರು ಎಲೆ. ನೋಡಲು ಕೋಸಿನ ಹಾಗೆ, ಆದರೆ ಸಡಿಲ. ಅದರೊಳಗೆ ಹುರಿದ ಕೋಳಿಯ ತುಂಡು, ಬೆಣ್ಣೆಹಣ್ಣು. ರೊಟ್ಟಿಯ ಬದಲು ಎಲೆಯನ್ನೇ ಸುತ್ತಿಕೊಂಡು ತಿನ್ನುವುದು. "ಹಿಂಗೇನಾರ ತಿಂದ್ರೆ ಹೊಟ್ಟೇನೂ ತುಂಬ್ತೈತೆ, ಸಕ್ರೇನೂ ಏರಲ್ಲ ಅಂತೆ. ಆದ್ರೆ ಇದನ್ನ ಮಾಡಾಕೆ ನನಗೆಲ್ಲಿ ಟೈಮು?"

"ನಾನು ಮಾಡ್ತೀನಿ" ಎಂದೆ.

ಅಡುಗೆಯ ಮೇಲಿನ ಪ್ರೀತಿಯಿಂದ ಹೇಳಿದ ಮಾತಲ್ಲ ಅದು. ಕೊನೆಗೂ, ಆ ಡಾಕ್ಟರನ್ನು ಬಿಟ್ಟರೆ ಜಗಳೂರಿನಲ್ಲಿ ಇನ್ಯಾರಿಗೂ ಗೊತ್ತಿಲ್ಲದ ಒಂದು ವಿಷಯ ನನಗೆ ಗೊತ್ತಿತ್ತು. ಅವಳ ರಾತ್ರಿಯ ಊಟ ನನ್ನ ಕೈಯಲ್ಲಿತ್ತು. ಚನ್ನಗಿರಿಗೆ ಹೋಗುವ ದಾರಿ ಈ ಎಲೆಯೊಳಗಿಂದಲೇ ಇದೆ ಎಂದು ನನಗೆ ಅನಿಸಿತು.

ಲೆಟ್ಯೂಸ್ ಜಗಳೂರಿನಲ್ಲಿ ಸಿಗುವುದಿಲ್ಲ. ದಾವಣಗೆರೆಯ ದೊಡ್ಡ ಅಂಗಡಿಯಿಂದ ತಂದೆ. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡಿದ್ದೆ. ಪಕ್ಕದ ಅಜ್ಜಿ ಬಹಳ ಹೊತ್ತು ನೋಡಿ, "ಕೋಸು ಬಾಡೈತಲ್ಲಪ್ಪ, ಯಾರೋ ಟೋಪಿ ಹಾಕ್ಯಾರೆ ನಿನಗೆ" ಎಂದರು. ಬೆಣ್ಣೆಹಣ್ಣು ಮಾತ್ರ ದಾವಣಗೆರೆಯಲ್ಲಿ ಅವತ್ತು ಕಲ್ಲಿನಂತಿತ್ತು. ಹಣ್ಣಾದದ್ದು ಜಗಳೂರಿನಲ್ಲಿ ಒಂದೇ ಕಡೆ ಸಿಗುತ್ತಿತ್ತು: ಬಸ್ ಸ್ಟ್ಯಾಂಡಿನ ಹತ್ತಿರದ ಜ್ಯೂಸ್ ಅಂಗಡಿಯಲ್ಲಿ. ಅಂಗಡಿಯ ಮಾಲೀಕ ಯಾರೆಂದು ನೀವು ಊಹಿಸಿರುತ್ತೀರಿ.

"ಓಹೋ, ಏನ್ ತಮ್ಮಾ, ಅಪರೂಪಕ್ಕೆ ಈ ಕಡೆ? ಏನ್ ಕುಡೀತೀಯ?"

"ಏನೂ ಬೇಡ. ಬೆಣ್ಣೆಹಣ್ಣಿನ ತಿರುಳು ಒಂದು ಡಬ್ಬಿ ಬೇಕಾಗಿತ್ತು." ಸಿಟ್ಟಿದ್ದಾಗ ನನ್ನ ಕನ್ನಡ ತಾನಾಗಿಯೇ ಗ್ರಾಂಥಿಕವಾಗುತ್ತದೆ.

"ಬಟರ್‌ಫ್ರೂಟಾ? ಯಾರಿಗೆ?"

"ಸುನೀತಳಿಗೆ."

ಅವನ ಮುಖ ಅರಳಿತು. "ಹಂಗನ್ನು ಮತ್ತೆ!" ಎಂದು ತಿರುಗಿ ನಿಂತು ಮಿಕ್ಸಿ ಹಾಕಿದ. ಡಬ್ಬಿ ತುಂಬಿ ಕೊಟ್ಟ. ಏಕೆ, ಏನು ಎಂದು ನಾನು ವಿವರಿಸಲಿಲ್ಲ. ನನ್ನ ಅಡುಗೆಮನೆಯ ಗುಟ್ಟನ್ನು ಅವನಿಗೇಕೆ ಹೇಳಲಿ? ಮನೆಗೆ ಬಂದ ಮೇಲೆ ರುಚಿ ನೋಡಬೇಕಿತ್ತು. ಅವನ ಅಂಗಡಿಯ ಡಬ್ಬಿಗೆ ಬೆರಳದ್ದಿ ನೆಕ್ಕುವುದು ಸೋಲೆಂದು ತೋರಿತು. ಕೋಳಿಯನ್ನು ಮೆಣಸು, ಬೆಳ್ಳುಳ್ಳಿ ಹಾಕಿ ಹುರಿದೆ. ಲೆಟ್ಯೂಸನ್ನು ನಮ್ಮೂರಿನ ಪದ್ಧತಿಯಂತೆ ಉಪ್ಪು, ಅರಿಶಿನ ಹಾಕಿದ ಬಿಸಿನೀರಿನಲ್ಲಿ ಒಮ್ಮೆ ಮುಳುಗಿಸಿ ತೆಗೆದೆ. ಹುಳ ಇದ್ದರೆ ಸಾಯಲಿ ಎಂದು. ಹುಳದ ಜೊತೆ ಎಲೆಯೂ ಸತ್ತಿತು. ಒದ್ದೆ ಕರವಸ್ತ್ರದಂತಿದ್ದ ಆ ಎಲೆಯ ಮೇಲೆ ಬಿಸಿ ಕೋಳಿ, ಅದರ ಮೇಲೆ ತಿಪ್ಪೇಶನ ತಿರುಳು ಹಾಕಿ ಸುತ್ತಿ ಅವಳ ಮುಂದಿಟ್ಟೆ.

ಒಂದು ಕಚ್ಚಿದಳು. ಅಗಿಯುವುದು ನಿಂತಿತು. ನನ್ನನ್ನು ನೋಡಿದಳು, ಎಲೆಯನ್ನು ನೋಡಿದಳು. ಆಮೇಲೆ ನಗತೊಡಗಿದಳು. ಗೋಡೆಗೆ ಒರಗಿ, ಹೊಟ್ಟೆ ಹಿಡಿದುಕೊಂಡು, ನೆಲಕ್ಕೆ ಜಾರಿ ನಕ್ಕಳು. ಮದುವೆಯಾದ ಮೇಲೆ ಅವಳು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ನನಗೂ ನಗು ಬರತೊಡಗಿತ್ತು. ಅಷ್ಟರಲ್ಲಿ ಅವಳು ಫೋನ್ ತೆಗೆದು ಸ್ಪೀಕರ್ ಹಾಕಿದಳು.

"ಲೇ ಮಾಮ, ಏನ್ ಕೊಟ್ಟು ಕಳ್ಸಿದೀಯೋ ನಮ್ಮನೆಯೋರಿಗೆ?"

"ಯಾಕೆ, ಚೆನ್ನಾಗಿಲ್ವಾ? ನಿನಗೆ ಅಂದ್ರಲ್ಲ ಅಂತ ಗಟ್ಟಿ ಹಾಲು ಹಾಕಿ, ಸಕ್ರೆ ಒಂದು ಕೈ ಜಾಸ್ತೀನೇ ಹಾಕಿದೀನಿ."

"ಅದನ್ನ ಕೋಳಿಗೆ ಹಾಕ್ಯಾರೆ ಮಾಮ! ಕೋಳಿಗೆ!"

ಆ ಕಡೆ ಅಂಗಡಿಯಲ್ಲಿದ್ದ ಗಿರಾಕಿಗಳಿಗೂ ಕೇಳುವಂತೆ ಅವನ ನಗು. "ತಮ್ಮಾ, ಬಟರ್‌ಫ್ರೂಟಿಗೂ ಕೋಳಿಗೂ ಯಾವ ಪುರೋಹಿತ್ರು ಸಂಬಂಧ ಕೂಡ್ಸಿದ್ರೋ?"

"ಸಕ್ಕರೆ ಹಾಕುವ ಮುಂಚೆ ಒಂದು ಮಾತು ಕೇಳಬೇಕಿತ್ತು" ಎಂದೆ.

"ಸಕ್ರೆ ಇಲ್ದಂಗೆ ಬಟರ್‌ಫ್ರೂಟ್ ಯಾವನ್ ತಿಂತಾನೆ? ನೀನು ಬ್ಯಾಡ ಅನ್ಬೇಕಿತ್ತು."

ಇಬ್ಬರ ವಾದದಲ್ಲೂ ಹುರುಳಿತ್ತು. ಸಿಟ್ಟು ಬರಿಸುವುದು ಇಂಥ ವಾದಗಳೇ. ಅಷ್ಟರಲ್ಲಿ ಸುನೀತ ನಗುವಿನ ನಡುವೆಯೇ ಅಂದಳು: "ನನಗೇ ಸಕ್ರೆ ಬಾರ್ಡರ್ನಾಗೈತೆ ಮಾಮ, ನೀನು ನೋಡಿದ್ರೆ ಒಂದು ಕೈ ಜಾಸ್ತಿ ಅಂತೀಯ!"

ಯಾರಿಗೂ ಹೇಳಬೇಡಿ ಎಂದಿದ್ದಳಲ್ಲ, ಆ ವಿಷಯ. ನನಗೊಬ್ಬನಿಗೇ ಸೇರಿದ್ದ ಅದೂ ಸ್ಪೀಕರಿನಲ್ಲಿ ಹಾರಿಹೋಯಿತು. ಆ ರಾತ್ರಿ ಅವಳು ಮುದ್ದೆ ತಿಂದು ಮಲಗಿದಳು. ನಾನು ಸಿಹಿ ಕೋಳಿ ತಿಂದೆ. ಹಟಕ್ಕೆ ಪೂರ್ತಿ ತಿಂದೆ.

ಅಲ್ಲಿಗೆ ಬಿಡುವವನಾಗಿದ್ದರೆ ನಾನು ಚರ್ಚಾಸ್ಪರ್ಧೆಗಳಲ್ಲಿ ಬಹುಮಾನಗಳನ್ನು ಗೆಲ್ಲುತ್ತಿರಲಿಲ್ಲ. ದಾವಣಗೆರೆಯಿಂದ ಲೆಟ್ಯೂಸ್ ಬೀಜ ತರಿಸಿದೆ. ತಾರಸಿಯ ಮೇಲೆ ಗೊಬ್ಬರದ ಖಾಲಿ ಚೀಲಗಳಲ್ಲಿ ಮಣ್ಣು ತುಂಬಿ, ಕುರಿಗೊಬ್ಬರ ಬೆರೆಸಿ ಬಿತ್ತಿದೆ. ಕುರಿಗೊಬ್ಬರ ಜಗಳೂರಿನಲ್ಲಿ ಕೇಳಿದವರಿಗೆಲ್ಲ ಸಿಗುತ್ತದೆ; ಇದು ಈ ಊರಿನ ಪರವಾಗಿ ನಾನು ಒಪ್ಪಿಕೊಂಡ ಮೊದಲ ಅಂಶ. ಬಿಸಿಲಿಗೆ ಸಸಿಗಳು ಮಧ್ಯಾಹ್ನವಾದರೆ ತಲೆ ಬಾಗಿಸುತ್ತಿದ್ದವು. ಸುನೀತಳ ಹಳೆಯ ಹತ್ತಿ ಸೀರೆಯನ್ನು ಚಪ್ಪರದಂತೆ ಕಟ್ಟಿದೆ. ಅಕ್ಕಿ ತೊಳೆದ ನೀರು, ಬೇಳೆ ತೊಳೆದ ನೀರು ಅವಕ್ಕೆ. ನಮ್ಮೂರಿನಲ್ಲಿ ನೀರಿನ ಬಗ್ಗೆ ಯೋಚಿಸದೆ ಮೋಟಾರು ಹಾಕುತ್ತಿದ್ದ ನಾನು ಇಲ್ಲಿ ಒಂದು ಚೊಂಬನ್ನು ಯಾವ ಚೀಲಕ್ಕೆ ಹಾಕಲಿ ಎಂದು ನಿಂತು ಯೋಚಿಸುವವನಾದೆ.

ಕೋಳಿ ಅಂಗಡಿಯ ಇಲಿಯಾಸ್ ಭಾಯಿಯ ಹತ್ತಿರ ಎದೆಯ ಭಾಗ ಮಾತ್ರ, ಮೂಳೆ ತೆಗೆದು, ಚಿಕ್ಕ ಚೂರು ಮಾಡಿ ಕೊಡಿ ಎಂದೆ.

"ಮೂಳೆ ಬ್ಯಾಡ್ವಾ? ಮೂಳೆ ಇಲ್ದಿದ್ರೆ ಸಾರು ಹೆಂಗೆ ಮಾಡ್ತೀರಿ ಮೇಷ್ಟ್ರೆ?"

"ಸಾರಲ್ಲ ಭಾಯಿ. ಎಲೇಲಿ ಸುತ್ತಾಕೆ."

"ಎಲೇಲಿ ಸುತ್ತಾಕೆ ಕೋಳಿ ಏನು ಅಡಿಕೇನಾ?" ಎಂದು ಕತ್ತಿ ಕೆಳಗಿಟ್ಟು ನನ್ನನ್ನೇ ನೋಡಿದರು. "ನಿಮ್ ಚನ್ನಗಿರಿ ಬುದ್ಧಿ ಬಿಡಲ್ಲ ನೋಡ್ರಿ ನೀವು!"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಅಷ್ಟು ದಿನಕ್ಕೆ ಮೊದಲ ಬಾರಿ ಒಬ್ಬರು ನನ್ನ ಮಾತಿಗೆ ಎದುರುತ್ತರ ಕೊಟ್ಟಿದ್ದರು. ಯಾರೂ ಕುರ್ಚಿ ಹಾಕಿರಲಿಲ್ಲ. ಕೋಳಿಯ ಚೀಲ ಹಿಡಿದುಕೊಂಡು ಬರುವಾಗ ದಾರಿಯುದ್ದಕ್ಕೂ ನಗುತ್ತಾ ಬಂದೆ.

ಆದರೆ ಹಣ್ಣು? ಮತ್ತೆ ಅದೇ ಅಂಗಡಿ. ಈ ಸಲ ಇಡೀ ಹಣ್ಣು ಕೇಳಿದೆ. ತಿಪ್ಪೇಶ ಬುಟ್ಟಿಯಿಂದ ಒಂದೊಂದನ್ನೇ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದ. "ಬೀಜ ಲೊಡಲೊಡ ಅನ್ಬೇಕು ತಮ್ಮ. ಸುಮ್ನಿದ್ರೆ ಕಾಯಿ." ನಾನು ತೊಟ್ಟಿನ ಹತ್ತಿರ ಒತ್ತಿ ನೋಡುವುದೇ ಸರಿಯಾದ ವಿಧಾನವೆಂದು ವಾದಿಸಿದೆ. ಅವನು ತನ್ನದೇ ಸರಿ ಎಂದ. ಕೊನೆಗೆ ಅವನು ಆರಿಸಿದ ಒಂದು, ನಾನು ಆರಿಸಿದ ಒಂದು ತೆಗೆದುಕೊಂಡು ಬಂದೆ. ಮನೆಯಲ್ಲಿ ಕುಯ್ದಾಗ ಎರಡೂ ಚೆನ್ನಾಗಿದ್ದವು. ಅವನದು ಕೊಳೆತಿದ್ದರೆ ಎಷ್ಟು ನೆಮ್ಮದಿಯಾಗುತ್ತಿತ್ತು!

ಈಗ ಮಾಡುವ ಕ್ರಮ ನನಗೆ ಕೈಗೆ ಹತ್ತಿತ್ತು. ಕೋಳಿಯ ಚೂರುಗಳಿಗೆ ಮೆಣಸಿನಪುಡಿ, ಜಜ್ಜಿದ ಬೆಳ್ಳುಳ್ಳಿ, ಉಪ್ಪು, ನಿಂಬೆರಸ ಸವರಿ ಸ್ವಲ್ಪ ಹೊತ್ತು ಬಿಡಬೇಕು. ಕಬ್ಬಿಣದ ಕಾವಲಿಯಲ್ಲಿ ಒಂದೇ ಚಮಚ ಎಣ್ಣೆ. ನೀರು ಪೂರಾ ಹಿಂಗಿ ಅಂಚು ಕೆಂಪಗಾಗುವವರೆಗೆ ಹುರಿದು, ಆರಲು ಬಿಡಬೇಕು. ಆರಬೇಕು ಎಂಬುದೇ ಮುಖ್ಯ. ಬಿಸಿ ತಗುಲಿದರೆ ಎಲೆ ಸೋಲುತ್ತದೆ. ಬೆಣ್ಣೆಹಣ್ಣನ್ನು ಚಮಚದಲ್ಲಿ ಮಸೆದು, ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ, ಉಪ್ಪು ಕಲಸಿ ತಕ್ಷಣ ನಿಂಬೆ ಹಿಂಡಬೇಕು, ಇಲ್ಲದಿದ್ದರೆ ಕಪ್ಪಾಗುತ್ತದೆ. ಎಲೆಯನ್ನು ತಣ್ಣೀರಿನಲ್ಲಿ ತೊಳೆದು ಬಟ್ಟೆಯಲ್ಲಿ ಒತ್ತಿ ಒರೆಸಬೇಕು. ದೊನ್ನೆಯಂತೆ ಬಗ್ಗಿದ ಎಲೆಯಲ್ಲಿ ಮೊದಲು ಹಣ್ಣು, ಮೇಲೆ ಕೋಳಿ, ಎರಡೂ ಅಂಚು ಮಡಚಿದರೆ ಆಯಿತು.

ಸುನೀತ ಮೊದಲನೆಯದನ್ನು ಕಚ್ಚಿದಾಗ ಆ ಸದ್ದು ಬಂತು. ಅತ್ತೆಯ ಮನೆಯಲ್ಲಿ ಮೊದಲ ಸಂಜೆ ಕೇಳಿದ ಅದೇ ಕರಕರ.

"ಹೆಂಗೈತೆ?"

"ಚೆನ್ನಾಗೈತ್ರಿ."

"ಖಾರ ಸರಿ ಐತಾ? ನಿಂಬೆ ಜಾಸ್ತಿ ಆಯ್ತಾ? ವಿಡಿಯೋದಲ್ಲಿರೋ ಹಂಗೆ ಐತಾ?"

"ಎಲ್ಲ ಸರಿ ಐತೆ ಅಂದ್ನಲ್ರಿ." ಎರಡನೆಯದನ್ನೂ ತಿಂದಳು. ಆಮೇಲೆ ತಟ್ಟೆಯಲ್ಲಿ ಉಳಿದದ್ದನ್ನು ನೋಡಿ, "ಮಾಮಂಗೆ ಎರಡು ಕೊಟ್ಟು ಬರ್ರಿ. ಪಾಪ, ಹಣ್ಣು ಅವನೇ ಆರಿಸಿ ಕೊಟ್ಟಾನೆ" ಎಂದಳು.

ಅರ್ಧ ಹಣ್ಣು ನಾನೇ ಆರಿಸಿದ್ದು ಎಂದು ಹೇಳಬೇಕೆನಿಸಿತು. ಆದರೂ ಕೊಟ್ಟು ಬಂದೆ. ಅವನು ನಿಂತಲ್ಲೇ ತಿಂದು, ಬೆರಳು ನೆಕ್ಕಿ, ಏನೋ ಯೋಚಿಸುವವನಂತೆ ತಲೆಯಾಡಿಸಿದ. ಆ ತಲೆಯಾಟವನ್ನು ನಾನು ಹೊಗಳಿಕೆ ಎಂದುಕೊಂಡೆ.

ಸ್ವಲ್ಪ ದಿನದಲ್ಲೇ ಅವನ ಅಂಗಡಿಯ ಮುಂದೆ ಹೊಸ ಬೋರ್ಡು ಬಂತು: "ಚಿಕನ್ ಬಟರ್‌ಫ್ರೂಟ್ ಎಲೆ ರೋಲ್". ಲೆಟ್ಯೂಸ್ ಇಲ್ಲದ್ದಕ್ಕೆ ಎಳೆ ಕೋಸಿನ ಎಲೆ ಹಾಕುತ್ತಿದ್ದ, ಮೇಲೆ ಶೇಂಗಾ ಪುಡಿ ಉದುರಿಸುತ್ತಿದ್ದ. ಇಲ್ಲಿನ ಕಾಲೇಜಿನ ನನ್ನ ವಿದ್ಯಾರ್ಥಿಗಳೇ ಸಾಲುಗಟ್ಟಿ ನಿಂತು ತಿಂದರು. ಒಬ್ಬಳು ಬಂದು, "ಸಾರ್, ತಿಪ್ಪೇಶಣ್ಣನ ರೋಲ್ ತಿಂದಿದೀರಾ? ಸೂಪರ್ ಐತೆ ಸಾರ್" ಎಂದಳು. ನಾನು ಮಂಡಿಸಿದ ವಾದವನ್ನು ಎದುರಾಳಿ ತನ್ನದೆಂದು ಹೇಳಿ ಚಪ್ಪಾಳೆ ಗಿಟ್ಟಿಸಿದ ಹಾಗಾಯಿತು. ಕೇಳಲು ಹೋದರೆ, "ನಿನ್ನಿಂದಾನೇ ಕಲ್ತಿದ್ದು ಅಂತ ಎಲ್ಲರಿಗೂ ಹೇಳ್ತೀನಲ್ಲೋ ತಮ್ಮ" ಎಂದ. ನಿಜವಾಗಿಯೂ ಹೇಳುತ್ತಿದ್ದನಂತೆ. ಬೈಯಲು ಒಂದು ನೆಪವನ್ನಾದರೂ ಈ ಮನುಷ್ಯ ಬಿಟ್ಟುಕೊಡಬಾರದೇ?

ಅಷ್ಟಕ್ಕೇ ಮುಗಿದಿದ್ದರೆ ಈ ಬರಹ ನಗೆಬರಹವಾಗುತ್ತಿತ್ತು. ಒಂದು ಸಂಜೆ ನಾನು ಎಲ್ಲ ಸಿದ್ಧ ಮಾಡಿಟ್ಟು ಕಾದೆ. ಸುನೀತ ಬಂದು ಕೈಕಾಲು ತೊಳೆದು, "ಹಸಿವಿಲ್ರಿ" ಎಂದಳು. ಮರುದಿನವೂ ಹಾಗೇ. ಮೂರನೆಯ ಸಂಜೆ ಅವಳು ಬ್ಯಾಗು ಇಡುವಾಗ ತೋಳಿನ ಮೇಲೆ ಶೇಂಗಾ ಪುಡಿ ಕಂಡಿತು.

"ತಿಪ್ಪೇಶನ ಅಂಗಡೀಲಿ ತಿಂದು ಬರ್ತಿದೀಯ."

"ಹೂಂ. ಡ್ಯೂಟಿ ಬಿಟ್ಟ ಕೂಡ್ಲೇ ಹಸಿವಾಗಿರ್ತೈತೆ. ನಮ್ ಸಿಸ್ಟರ್‌ಗಳ ಜೊತೆ ನಿಂತ್ಕಂಡು ತಿಂತೀನಿ."

"ಅವನ ಕೋಸಿನ ಎಲೆ ನನ್ನ ಲೆಟ್ಯೂಸಿಗಿಂತ ಚೆನ್ನಾಗೈತಾ?"

"ಇಲ್ಲ. ನಿಮ್ದೇ ಚೆನ್ನಾಗೈತೆ."

"ಮತ್ಯಾಕೆ?"

ಅವಳು ಕೂತಳು. ಆಸ್ಪತ್ರೆಯ ದಣಿವು ಮುಖದಲ್ಲಿತ್ತು. "ನೀವು ಕೊಟ್ರೆ ಪರೀಕ್ಷೆಗೆ ಕುಂತಂಗೆ ಆಗ್ತೈತೆ ಕಣ್ರಿ. ಬಾಯಾಗಿನ ತುತ್ತು ಇಳಿಯಾಕೂ ಬಿಡಲ್ಲ, 'ಹೆಂಗೈತೆ' ಅಂತೀರಿ. ಚೆನ್ನಾಗೈತೆ ಅಂದ್ರೆ ಸಾಲಲ್ಲ, ಯಾಕೆ ಚೆನ್ನಾಗೈತೆ ಅಂತ ಹೇಳ್ಬೇಕು. ಅವನಿಗಿಂತ ಚೆನ್ನಾಗೈತೆ ಅಂತಾನೂ ಹೇಳ್ಬೇಕು. ಬೆಳಿಗ್ಗಿಂದ ಎಲ್ಲರಿಗೂ ಉತ್ತರ ಹೇಳಿ ಹೇಳಿ ಬಂದಿರ್ತೀನಿ. ಅಲ್ಲಿ ಮಾಮ ಏನೂ ಕೇಳಲ್ಲ. ಕೈಗೆ ಕೊಟ್ಟು, ಮಿಕ್ಸಿ ಹಾಕಾಕೆ ತಿರುಗ್ತಾನೆ. ಅಷ್ಟೆ."

ಅವಳು ಏನನ್ನೂ ಮುಚ್ಚಿಟ್ಟಿರಲಿಲ್ಲ. ಮುಚ್ಚಿಟ್ಟಿದ್ದರೆ ನಾನು ಗೆಲ್ಲುತ್ತಿದ್ದೆ. ನನಗೆ ಅವನ ಮೇಲೆ ಹೊಟ್ಟೆಕಿಚ್ಚು ಎಂದುಕೊಂಡಿದ್ದೆ. ಅವನ ಮೇಲಲ್ಲ. ಅವಳಿಂದ ಏನನ್ನೂ ಕೇಳದೆ ಅವಳಿಗೆ ಕೊಡಬಲ್ಲ ಆ ಅಭ್ಯಾಸದ ಮೇಲೆ. ಜೊತೆಯಲ್ಲಿ ಬೆಳೆದವರಿಗೆ ಪುಕ್ಕಟೆ ಬರುವ ಅದು, ವಲಸೆ ಬಂದವನಿಗೆ ಎಲ್ಲಿ ಸಿಗುತ್ತದೆ?

ಅವತ್ತಿನಿಂದ ಎಲೆ ಸುತ್ತಿಟ್ಟು, ಏನೂ ಕೇಳದೆ ತಾರಸಿಗೆ ಹೋಗಿಬಿಡುತ್ತಿದ್ದೆ. ಕೇಳದಿರುವುದು ಎಷ್ಟು ಕಷ್ಟ ಎಂದರೆ, ಕೆಲವು ಸಲ ಮೆಟ್ಟಿಲ ಮೇಲೆ ನಿಂತು ಕಿವಿಗೊಡುತ್ತಿದ್ದೆ. ಒಂದು ಸಂಜೆ ಕರಕರ ಸದ್ದು ಮೆಟ್ಟಿಲು ಹತ್ತಿ ಬಂತು. ಅವಳು ತಟ್ಟೆ ಹಿಡಿದುಕೊಂಡು ಮೇಲೆ ಬಂದು, ಲೆಟ್ಯೂಸ್ ಚೀಲದ ಪಕ್ಕ ಕೂತು, ನನ್ನ ಕಡೆ ಒಂದು ಎಲೆ ಸುತ್ತಿ ಚಾಚಿದಳು. ನಾನು ಬಾಯಿ ತೆರೆದೆ, ತಿಂದೆ. ರುಚಿಯ ಬಗ್ಗೆ ಇಬ್ಬರೂ ಮಾತಾಡಲಿಲ್ಲ.

ಈ ನಡುವೆ ಸಂತೇಬೆನ್ನೂರಿಗೆ ಹೋಗಿಬಂದೆ. ಅಮ್ಮನಿಗೆಂದು ಒಂದು ಕಟ್ಟು ಲೆಟ್ಯೂಸ್ ಒಯ್ದಿದ್ದೆ. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅಮ್ಮ ಅದನ್ನು ಬೇಯಿಸಿ, ಬಸಿದು, ಕಾಯಿತುರಿ ಹಾಕಿ ಪಲ್ಯ ಮಾಡಿದ್ದಳು. "ಬಾಳ ನೀರು ಬಿಟ್ಕಳ್ತು ಕಣೋ, ಯಾವ ದರಿದ್ರ ಸೊಪ್ಪು" ಎಂದಳು. ಸಂತೆಯಿಂದ ತಂದಿದ್ದ ಮೂಲಂಗಿಯ ಎಳೆ ಎಲೆಯನ್ನು ನಾನು ಹಸಿಯಾಗಿ ಕಿತ್ತು ರೊಟ್ಟಿಯೊಳಗೆ ಮಡಚಿಕೊಂಡೆ. ಅಮ್ಮ ಸೌಟು ಹಿಡಿದು ನಿಂತು ನೋಡಿದಳು. "ಅಯ್ಯೋ, ಕುರಿ ಮೇಯ್ದಂಗೆ ಮೇಯ್ತೀಯಲ್ಲೋ! ಪೂರಾ ಜಗಳೂರಿನೋನೇ ಆಗ್ಬಿಟ್ಟೆ." ಅಮ್ಮನ ಕಣ್ಣಿನಲ್ಲಿ ನಾನು ಗುರುತಿಸಿದ್ದು ನನಗೆ ಚೆನ್ನಾಗಿ ಪರಿಚಯವಿದ್ದ ಭಾವ. ಆ ಮೊದಲ ಸಂಜೆ ಸುನೀತಳ ತಟ್ಟೆಯ ಮುಂದೆ ನಾನು ಹಾಗೇ ಕೂತಿದ್ದೆ. ಕಾಲುವೆಗೆ ನೀರು ಬಿಟ್ಟಿದ್ದರು. ಹರಿಯುವ ನೀರನ್ನು ನೋಡಿ ನನಗೆ ಖುಷಿಯಾಗುವ ಬದಲು, ಇಷ್ಟು ನೀರಿದ್ದರೆ ತಾರಸಿಯ ಚೀಲಗಳಿಗೆ ಏನೇನು ಹಾಕಬಹುದಿತ್ತು ಎಂಬ ಯೋಚನೆ ಬಂತು. ನಮ್ಮೂರಿನ ಮೇಲೆ ನನಗೇ ಹೊಟ್ಟೆಕಿಚ್ಚು. ಜಗಳೂರಿನ ಪರವಾಗಿ.

ಈಗ ವರ್ಗಾವಣೆ ಕರೆದಿದ್ದಾರೆ. ನಿನ್ನೆ ಸುನೀತಳೇ ವಿಷಯ ತೆಗೆದಳು. "ಚನ್ನಗಿರಿ ಕೇಳ್ತೀನಿ ಅಂದಿದ್ದೆ, ಕೇಳ್ತೀನಿ. ಕೊಟ್ಟ ಮಾತು ತಪ್ಪಲ್ಲ ನಾನು" ಎಂದಳು. ದನಿಯಲ್ಲಿ ಸಿಟ್ಟಿಲ್ಲ, ಅಳುವಿಲ್ಲ. ಆಸ್ಪತ್ರೆಯಲ್ಲಿ ರೋಗಿಗೆ ಮಾತ್ರೆಯ ಹೊತ್ತು ಹೇಳುವ ದನಿ. ನಾನು ಬಂದ ದಿನದಿಂದ ಕಾಯುತ್ತಿದ್ದ ಮಾತು ಅದು. ಗೆದ್ದೆ. ವೇದಿಕೆಯಲ್ಲಿ ಎದುರಾಳಿ ವಾದಿಸದೆ ಬಿಟ್ಟುಕೊಟ್ಟಾಗಲೂ ಗೆಲುವೇ ಎಂದು ಬರೆದುಕೊಳ್ಳುತ್ತಾರೆ. ಆದರೆ ಅಂಥ ಬಹುಮಾನವನ್ನು ಯಾರೂ ಮನೆಯ ಮುಂಬಾಗಿಲಲ್ಲಿ ಇಡುವುದಿಲ್ಲ.

ತಾರಸಿಯ ಮೇಲೆ ಎರಡನೆಯ ಬಿತ್ತನೆಯ ಲೆಟ್ಯೂಸ್ ಎರಡೆರಡು ಎಲೆ ಬಿಟ್ಟಿದೆ. ಅವಳು ಬಗ್ಗಿ, ಚೊಂಬಿನಿಂದ ಬೇಳೆ ತೊಳೆದ ನೀರು ಹಾಕುತ್ತಿದ್ದಾಳೆ, ಒಂದು ಹನಿಯೂ ಚೀಲದಾಚೆ ಬೀಳದ ಹಾಗೆ. ಕೆಳಗೆ ಬೀದಿಯಲ್ಲಿ ತಿಪ್ಪೇಶನ ಬೈಕಿನ ಹಾರನ್ನು, "ಸುನೀ, ಹಣ್ಣು ತಂದೀನಿ, ಬುಟ್ಟಿ ಇಳಿಸೇ" ಎಂಬ ಕೂಗು. ಅವಳು ತಲೆಯೆತ್ತಿ ಮೊದಲು ನನ್ನ ಮುಖ ನೋಡಿದಳು, ಆಮೇಲೆ ಬುಟ್ಟಿಯ ಕಡೆ. ರುಚಿಯ ಬಗ್ಗೆ ಕೇಳುವುದನ್ನು ಬಿಟ್ಟಿದ್ದೇನೆ ಸುನೀತ. ಇದೊಂದನ್ನು ಮಾತ್ರ ಕೇಳದೆ ಇರಲಾರೆ. ನೀನು ನನಗೆ ಮಾತೇ ಕೊಟ್ಟಿರಲಿಲ್ಲ ಎಂದುಕೋ: ಆಗ ಯಾವ ಊರನ್ನು ಕೇಳುತ್ತಿದ್ದೆ, ಮತ್ತು ಆ ಊರಿನಲ್ಲಿ ನಾನು ಇರುತ್ತಿದ್ದೆನೇ?